ಲೈಟ್ ಉರೀತಿದೆ, ವಿಡಿಯೋ ಇಲ್ಲ: ಸೈಕಲ್ ಕ್ಯಾಮೆರಾ-ಲೈಟನ್ನು ದಾರಿಗೆ ತರುವ ಸಮಗ್ರ ಮಾರ್ಗದರ್ಶಿ

"ಅಣ್ಣ, ಲೈಟ್ ಉರೀತಾನೇ ಇತ್ತು. ಮನೆಗೆ ಬಂದು ನೋಡಿದ್ರೆ ಒಂದೂ ಫೈಲ್ ಇಲ್ಲ."

ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ನಾಲ್ಕು ಜನ ಬೇರೆ ಬೇರೆ ವಾರ ಇದೇ ಮಾತು ಹೇಳಿದರು. ಐದನೆಯವನು ನಾನೇ. ಸಿದ್ದಲಿಂಗಪುರ ದಾಟುವಾಗ ಒಂದು ಗೂಡ್ಸ್ ಆಟೋ ನನ್ನ ಹ್ಯಾಂಡಲ್ ಸವರಿಕೊಂಡು ಹೋಯಿತು. ಮೊಣಕೈ ತರಚಿತು, ಆಟೋ ನಿಲ್ಲಲಿಲ್ಲ. ಹೋಗಲಿ ಬಿಡು, ಹಿಂದೆ ಕ್ಯಾಮೆರಾ ಇದೆಯಲ್ಲ ಅಂತ ಧೈರ್ಯವಾಗಿ ಮನೆಗೆ ಬಂದು ಕಾರ್ಡ್ ತೆಗೆದರೆ, ಕೊನೆಯ ಫೈಲ್ ಹನ್ನೊಂದು ದಿನ ಹಿಂದಿನದು. ಅದರಲ್ಲಿ ಇದ್ದದ್ದು ಬೆಳಗೊಳದ ಹತ್ತಿರದ ಒಂದು ರೋಡ್ ಹಂಪ್. ಯಾಕೆ ಹಂಪ್ ಅಂತ ಮೂರನೇ ಹಂತದಲ್ಲಿ ಹೇಳ್ತೀನಿ.

ನಾನು ಹೇಳುತ್ತಿರುವುದು ಸೀಟಿನ ಕೆಳಗೆ ಕಟ್ಟುವ ಕೆಂಪು ಲೈಟ್ ಅಥವಾ ಹ್ಯಾಂಡಲ್‌ಗೆ ಕಟ್ಟುವ ಬಿಳಿ ಲೈಟ್, ಒಳಗೇ ಕ್ಯಾಮೆರಾ ಇರುವಂಥದ್ದು. ಹೆಸರುವಾಸಿ ಕಂಪನಿಯದ್ದಿರಲಿ, ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ್ದಿರಲಿ, ಒಳಗಿನ ಕಥೆ ಒಂದೇ. ಬ್ಯಾಟರಿ ಒಂದು, ತಿನ್ನುವ ಬಾಯಿ ಎರಡು. ತೊಂದರೆಗಳಲ್ಲಿ ಅರ್ಧ ಅಲ್ಲಿಂದಲೇ ಹುಟ್ಟುತ್ತವೆ. ಉಳಿದರ್ಧ ನಾವು ಕೆಲಸವನ್ನು ತಲೆಕೆಳಗಾಗಿ ಮಾಡುವುದರಿಂದ. ಡಬ್ಬ ಒಡೆದ ಕೂಡಲೇ ಸೈಕಲ್‌ಗೆ ಕಟ್ಟಿ, ಫೋಟೋ ಹಾಕಿ, ಚಾಮುಂಡಿ ಬೆಟ್ಟ ಹತ್ತಲು ಹೊರಟೇ ಬಿಡುತ್ತೇವೆ. ಕಟ್ಟುವುದು ಐದನೇ ಹಂತ. ಮುಂಚಿನ ನಾಲ್ಕೂ ಮನೆಯಲ್ಲಿ, ಮೇಜಿನ ಮೇಲೆ ಆಗಬೇಕು.

## ಮೊದಲು ಇಷ್ಟು ಹೊಂದಿಸಿಕೊಳ್ಳಿ

ಹಳೆ ಫೋನಿನ ಸಾದಾ 5 ವೋಲ್ಟ್ ಚಾರ್ಜರ್, ಒಂದು ಒಳ್ಳೆ ಕೇಬಲ್, ಕಾರ್ಡ್ ರೀಡರ್, ಹೊಸ ಮೆಮೊರಿ ಕಾರ್ಡ್, ಅಲೆನ್ ಕೀ, ಕನ್ನಡಕ ಒರೆಸುವ ಬಟ್ಟೆ, ಮೆತ್ತನೆಯ ಹಳೆ ಟೂತ್ ಬ್ರಷ್. ಸೆಕೆಂಡ್ ಮುಳ್ಳಿರುವ ಒಂದು ಗೋಡೆ ಗಡಿಯಾರವೂ ಬೇಕು. ನಗಬೇಡಿ, ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

## ಹಂತ 1: ಚಾರ್ಜ್ ನಿಜವಾಗಿ ಆಗ್ತಿದೆಯಾ ನೋಡಿ

ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆ ಅನ್ನುವವರನ್ನು ನಾನು ಕೇಳುವ ಮೊದಲ ಪ್ರಶ್ನೆ, ಕೇಬಲ್ ಯಾವುದು? ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ಲನ್ನು ಫೋನಿನ ಫಾಸ್ಟ್ ಚಾರ್ಜರ್‌ಗೆ ಹಾಕಿದರೆ ಕೆಲವು ಅಗ್ಗದ ಲೈಟ್‌ಗಳು ಚಾರ್ಜೇ ಆಗುವುದಿಲ್ಲ. ಈ ಕಡೆ ಒಂದು ಸಾಧನ ಕೂತಿದೆ ಅಂತ ಚಾರ್ಜರ್‌ಗೆ ಗೊತ್ತಾಗಬೇಕಾದರೆ ಪೋರ್ಟಿನ ಒಳಗೆ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ತಯಾರಿಸಿದವರು ಕಾಸು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿ ಟೈಪ್-ಸಿ ಇರುವ ಕೇಬಲ್ ಹಾಕಿ, ತಟ್ಟನೆ ಚಾರ್ಜ್ ಶುರುವಾಗುತ್ತದೆ. ಕೆಟ್ಟುಹೋಗಿದೆ ಅಂತ ವಾಪಸ್ ಕಳಿಸಲು ಹೊರಟಿದ್ದ ಎರಡು ಲೈಟ್ ಹೀಗೆ ನನ್ನ ಕಣ್ಣೆದುರೇ ಬದುಕಿಕೊಂಡಿವೆ.

ಕಂಪ್ಯೂಟರ್‌ಗೆ ಚುಚ್ಚಿ ಚಾರ್ಜ್ ಮಾಡಬೇಡಿ. ಬಹಳಷ್ಟು ಕ್ಯಾಮೆರಾಗಳು ಅಲ್ಲಿ ಪೆನ್‌ಡ್ರೈವ್ ತರಹ ತೆರೆದುಕೊಂಡು ಕೂರುತ್ತವೆ, ಚಾರ್ಜ್ ಆಮೆ ನಡಿಗೆ. ಹಾಗೆಯೇ, ರಾತ್ರಿ ಕರೆಂಟ್ ಹೋಗಿ ಬಂದಿದ್ದರೆ ಬೆಳಗಿನ ಜಾವ ಐದು ಗಂಟೆಗೆ ಲೈಟ್ ಮೇಲೆ ನಂಬಿಕೆ ಇಟ್ಟು ಹೊರಡಬೇಡಿ, ಒಂದು ಸಲ ಬ್ಯಾಟರಿ ಸೂಚಕ ನೋಡಿ.

## ಹಂತ 2: ಮೆಮೊರಿ ಕಾರ್ಡ್

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಹಳೆ ಫೋನಿನಲ್ಲಿ ಬಿದ್ದಿದ್ದ ಕಾರ್ಡ್ ಹಾಕಿದರೆ ಎರಡು ದಿನ ಚೆನ್ನಾಗಿ ನಡೆಯುತ್ತದೆ. ಮೂರನೇ ದಿನ ನಡುವೆ ನಡುವೆ ತೂತು.

ಫೋನಿನ ಕಾರ್ಡ್‌ಗೆ ಆಗೊಮ್ಮೆ ಈಗೊಮ್ಮೆ ಫೋಟೋ ಬರೆಯುವ ಕೆಲಸ. ಇಲ್ಲಿ ಹಾಗಲ್ಲ, ಬಿಡುವಿಲ್ಲದೆ ಬರೆಯಬೇಕು, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮತ್ತೆ ಬರೆಯಬೇಕು. ಆದ್ದರಿಂದ ಕಾರ್ಡಿನ ಮೇಲೆ ಯು3 ಅಥವಾ ವಿ30 ಗುರುತು ಇರಲಿ. ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ವೇಗ. 'ಹೈ ಎಂಡ್ಯೂರೆನ್ಸ್' ಅಂತ ಬರೆದಿರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಕಾರಿನ ಡ್ಯಾಶ್‌ಕ್ಯಾಮ್‌ಗೆ ಅಂತಲೇ ಮಾಡಿದ ಜಾತಿ ಅದು.

ಎಷ್ಟು ಜಿಬಿ ಬೇಕು? ಲೆಕ್ಕ ಸುಲಭ. 1080ಪಿ ವಿಡಿಯೋ ಸೆಕೆಂಡಿಗೆ 15 ಮೆಗಾಬಿಟ್ ಅಂತ ಇಟ್ಟುಕೊಂಡರೆ ಗಂಟೆಗೆ ಸುಮಾರು 6.75 ಜಿಬಿ. 32 ಜಿಬಿ ಕಾರ್ಡಿನಲ್ಲಿ ನಾಲ್ಕೂವರೆ ಗಂಟೆಯಷ್ಟು ಹಿಡಿಯುತ್ತದೆ. ಮೈಸೂರಿನಿಂದ ಮಂಡ್ಯಕ್ಕೆ ಹೋಗಿ ಟಿಫನ್ ಮಾಡಿಕೊಂಡು ವಾಪಸ್ ಬರುವವರಿಗೆ ಅದು ಸಾಲುವುದು ಕಷ್ಟ. 64 ತೆಗೆದುಕೊಳ್ಳಿ. ಆದರೆ ನಿಮ್ಮ ಕ್ಯಾಮೆರಾ 64ನ್ನು ಒಪ್ಪುತ್ತದಾ ಅಂತ ಅದರ ಜೊತೆ ಬಂದ ಚೀಟಿಯಲ್ಲಿ ನೋಡಿ. 32ಕ್ಕಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಅನ್ನುವ ಮಾದರಿಯಲ್ಲಿ ಬರುತ್ತವೆ, ಕೆಲವು ಕ್ಯಾಮೆರಾಗಳಿಗೆ ಹಳೆಯ ಫ್ಯಾಟ್32 ಮಾತ್ರ ಅರ್ಥವಾಗುತ್ತದೆ.

ಈಗ ಈ ಮೂರು ಕೆಲಸ, ಇದೇ ಕ್ರಮದಲ್ಲಿ:

1. ಕಾರ್ಡ್ ಅಸಲಿಯಾ ನೋಡಿ. 64 ಅಂತ ಬರೆದು ಒಳಗೆ 8 ಮಾತ್ರ ಇರುವ ನಕಲಿಗಳು ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶ ಇದೆ. ಅದು ಕಾರ್ಡ್ ಪೂರ್ತಿ ತುಂಬಿಸಿ, ಮತ್ತೆ ಓದಿ, ಎಷ್ಟು ಸರಿ ಇದೆ ಅಂತ ಹೇಳುತ್ತದೆ. ಸಮಯ ಹಿಡಿಯುತ್ತದೆ. ಹಾಕಿಬಿಟ್ಟು ಊಟಕ್ಕೆ ಹೋಗಿ.

2. ಕಾರ್ಡನ್ನು ಕ್ಯಾಮೆರಾದ ಒಳಗೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಬೇಡ. ಆಮೇಲೆ ತಿಂಗಳಿಗೊಮ್ಮೆ ಇದನ್ನೇ ಮಾಡುತ್ತಾ ಇರಿ, ಬೇಕಾದ ಫೈಲ್ ನಕಲು ಮಾಡಿಕೊಂಡ ಮೇಲೆ.

3. ಕಾರ್ಡನ್ನು ಉಗುರಿನಿಂದ ಒತ್ತಿ 'ಟಿಕ್' ಅಂತ ಕೇಳಿಸುವವರೆಗೆ ಒಳಗೆ ಕೂರಿಸಿ. ಅರ್ಧ ಕೂತ ಕಾರ್ಡ್ ಮೇಜಿನ ಮೇಲೆ ಸುಮ್ನೆ ಇರುತ್ತದೆ. ಮೊದಲ ಗುಂಡಿಯಲ್ಲಿ ಎಗರುತ್ತದೆ.

## ಹಂತ 3: ಸೆಟ್ಟಿಂಗ್

ಆ್ಯಪ್ ತೆರೆದರೆ ಕನೆಕ್ಟ್ ಆಗಲ್ಲ ಅನ್ನುವುದು ಮಾಮೂಲಿ ಗೋಳು. ಕ್ಯಾಮೆರಾ ತನ್ನದೇ ವೈಫೈ ಹಾಕುತ್ತದೆ, ಆದರೆ ಅದರಲ್ಲಿ ಇಂಟರ್ನೆಟ್ ಇರಲ್ಲ. ಇಂಟರ್ನೆಟ್ ಇಲ್ಲ ಅಂತ ಕಂಡ ತಕ್ಷಣ ಫೋನ್ ಜಾಣತನ ತೋರಿಸಿ ಮೊಬೈಲ್ ಡೇಟಾಗೆ ಹಾರುತ್ತದೆ. ಡೇಟಾ ಆಫ್ ಮಾಡಿ, ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಿ, 'ಇಂಟರ್ನೆಟ್ ಇಲ್ಲ, ಆದರೂ ಇರಲಾ' ಅಂತ ಫೋನ್ ಕೇಳಿದರೆ ಹೂಂ ಅನ್ನಿ. ಫರ್ಮ್‌ವೇರ್, ಅಂದರೆ ಕ್ಯಾಮೆರಾ ಒಳಗಿನ ತಂತ್ರಾಂಶದ ಅಪ್‌ಡೇಟ್ ಇದ್ದರೆ ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಮಾತ್ರ ಮಾಡಿ. ನಡುವೆ ಆಫ್ ಆದರೆ ಕೈಯಲ್ಲಿ ಇಟ್ಟಿಗೆ ಉಳಿಯುತ್ತದೆ.

ಆಮೇಲೆ ನೋಡಬೇಕಾದದ್ದು ಮೂರು.

ಗಡಿಯಾರ. ಬೆಳಿಗ್ಗೆ ಆರೂವರೆಯ ಸವಾರಿ ವಿಡಿಯೋದಲ್ಲಿ 1:00 ಅಂತ ತೋರಿಸುತ್ತಿದ್ದರೆ ಕ್ಯಾಮೆರಾ ಗ್ರೀನ್‌ವಿಚ್ ಸಮಯದಲ್ಲಿದೆ, ಐದೂವರೆ ಗಂಟೆ ಹಿಂದೆ. ಭಾರತದ ಸಮಯಕ್ಕೆ ತನ್ನಿ. ಬ್ಯಾಟರಿ ಪೂರ್ತಿ ಖಾಲಿಯಾದಾಗ ಕೆಲವು ಕ್ಯಾಮೆರಾಗಳು ತಾರೀಕನ್ನೇ ಮರೆತುಬಿಡುತ್ತವೆ, ಹಾಗಾಗಿ ಖಾಲಿಯಾದ ಪ್ರತಿ ಸಲವೂ ನೋಡಿಕೊಳ್ಳಿ.

50 ಹರ್ಟ್ಜ್. ಫ್ಲಿಕರ್ ಅಂತ ಒಂದು ಆಯ್ಕೆ ಇರುತ್ತದೆ, ಬಹಳ ಸಲ 60ರಲ್ಲಿ ಬಂದಿರುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್. ಬದಲಿಸದಿದ್ದರೆ ಬೀದಿ ದೀಪದ ಕೆಳಗೆ ವಿಡಿಯೋ ಪಟ್ಟೆ ಪಟ್ಟೆಯಾಗಿ ಮಿಣುಕುತ್ತದೆ.

ಲಾಕ್ ಸೆನ್ಸರ್. ನನ್ನ ಹಂಪ್ ಕಥೆ ಇಲ್ಲಿದೆ. ಗುದ್ದು ತಗುಲಿದರೆ ಗೊತ್ತುಹಿಡಿಯುವ ಸೆನ್ಸರ್ ಇದರೊಳಗೆ ಇರುತ್ತದೆ. ಜೋರಾಗಿ ಅಲುಗಾಡಿದರೆ 'ಅಪಘಾತ' ಅಂತ ತಿಳಿದು ಆ ಫೈಲನ್ನು ಅಳಿಸದ ಹಾಗೆ ಬೀಗ ಹಾಕುತ್ತದೆ. ಯೋಚನೆ ಒಳ್ಳೆಯದೇ. ಆದರೆ ಇದನ್ನು ಮಾಡಿದವರು ನಮ್ಮ ಊರಿನ ರಸ್ತೆ ನೋಡಿಲ್ಲ. ಕೆಆರ್‌ಎಸ್ ಕಡೆ ಹೋಗುವಾಗ ಊರಿಗೆ ಎರಡೆರಡು ಹಂಪ್, ಹಂಪ್‌ನ ಆಚೆ ಈಚೆ ಗುಂಡಿ, ಮಧ್ಯೆ ಯಾರೋ ಪೈಪ್ ಹಾಕಲು ಅಗೆದು ಮುಚ್ಚಿದ ಗೆರೆ. ಪ್ರತಿಯೊಂದೂ ಕ್ಯಾಮೆರಾಗೆ ಅಪಘಾತ. ಪ್ರತಿ ಅಪಘಾತಕ್ಕೂ ಒಂದು ಫೈಲಿಗೆ ಬೀಗ. ಕಾರ್ಡ್ ತುಂಬಾ ಬೀಗ ಹಾಕಿದ ಫೈಲೇ ಆದಾಗ ಅಳಿಸಲು ಏನೂ ಉಳಿಯಲ್ಲ, ರೆಕಾರ್ಡಿಂಗ್ ನಿಂತುಹೋಗುತ್ತದೆ. ಲೈಟ್ ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗುತ್ತಾ ಇರುತ್ತದೆ. ನನ್ನ ಕಾರ್ಡಿನಲ್ಲಿ ಆಗಿದ್ದು ಇದೇ, ಆ ಬೆಳಗೊಳದ ಹಂಪ್ ಹಿಡಿದ ಕೊನೆಯ ಬೀಗ.

ಸೆನ್ಸರನ್ನು ಅತಿ ಕಡಿಮೆಗೆ ಇಳಿಸಿ. ಪೂರ್ತಿ ಆಫ್ ಮಾಡಿದರೂ ತಪ್ಪಿಲ್ಲ, ಬೀಗ ಹಾಕುವ ಬಟನ್ ಬೇರೆ ಇರುತ್ತದಲ್ಲ. ವಾರಕ್ಕೊಮ್ಮೆ ಲಾಕ್ ಆದ ಫೈಲ್‌ಗಳ ಫೋಲ್ಡರ್ ತೆರೆದು ಖಾಲಿ ಮಾಡಿ.

## ಹಂತ 4: ಗೋಡೆ ಗಡಿಯಾರದ ಪರೀಕ್ಷೆ

ಇದೊಂದು ಮಾಡಿದರೆ ಮುಕ್ಕಾಲು ತಲೆನೋವು ಮನೆಯಲ್ಲೇ ಮುಗಿಯುತ್ತದೆ. ಯಾರೂ ಮಾಡಲ್ಲ, ಯಾಕೋ.

ಪೂರ್ತಿ ಚಾರ್ಜ್ ಆದ ಲೈಟನ್ನು ಮೇಜಿನ ಮೇಲೆ ಇಟ್ಟು ಗೋಡೆ ಗಡಿಯಾರದ ಕಡೆ ತಿರುಗಿಸಿ. ದಾರಿಯಲ್ಲಿ ಯಾವ ಮೋಡ್‌ನಲ್ಲಿ ಉರಿಸುತ್ತೀರೋ ಅದೇ ಮೋಡ್‌ನಲ್ಲಿ ಲೈಟ್ ಹಾಕಿ, ರೆಕಾರ್ಡಿಂಗ್ ಶುರು ಮಾಡಿ. ಮುಂದೆ ಒಂದು ಫ್ಯಾನ್ ಹಾಕಿ. ಸೈಕಲ್ ಓಡುವಾಗ ಗಾಳಿ ತಾಕುತ್ತದೆ, ಮೇಜಿನ ಮೇಲೆ ತಾಕಲ್ಲ, ಬಿಸಿಯಾಗಿ ತಾನಾಗಿಯೇ ಆಫ್ ಆದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಅದರ ಪಾಡಿಗೆ ಬಿಡಿ. ಆಗಾಗ ಬಂದು ಲೈಟ್ ಉರೀತಿದೆಯಾ ಅಂತ ನೋಡಿ, ಆರಿದ ಸಮಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಈಗ ಕಾರ್ಡ್ ತೆಗೆದು ಫೈಲ್‌ಗಳನ್ನು ಸಾಲಾಗಿ ನೋಡಿ. ಕೊನೆಯ ಫೈಲಿನಲ್ಲಿ ಮುಳ್ಳು ಎಲ್ಲಿ ನಿಂತಿದೆಯೋ ಅಲ್ಲಿಗೆ ಕ್ಯಾಮೆರಾ ಸತ್ತಿದೆ. ಅದು ನಿಮ್ಮ ನಿಜವಾದ ಸಮಯ, ಡಬ್ಬದ ಮೇಲೆ ಅಚ್ಚಾದದ್ದಲ್ಲ. ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವಲ್ಲಿ ಸೆಕೆಂಡ್ ಮುಳ್ಳು ಎಷ್ಟು ಹಾರಿದೆ ನೋಡಿ. ಒಂದೆರಡು ಸೆಕೆಂಡ್ ಹಾರಿದರೆ ಪರವಾಗಿಲ್ಲ. ಹತ್ತು ಹನ್ನೆರಡು ಹಾರಿದರೆ ಕಾರ್ಡ್ ನಿಧಾನ, ಬದಲಿಸಿ. ವಿಡಿಯೋದ ಮೇಲೆ ಅಚ್ಚಾದ ಸಮಯ ಗೋಡೆ ಗಡಿಯಾರದ ಜೊತೆ ಹೊಂದುತ್ತದಾ ಅದನ್ನೂ ಇಲ್ಲೇ ನೋಡಿಬಿಡಿ.

ಇನ್ನೊಂದು ಮುಖ್ಯ ಸಂಗತಿ. ಬ್ಯಾಟರಿ ಇಳಿದಾಗ ಯಾವುದು ಮೊದಲು ಸಾಯುತ್ತದೆ? ಬುದ್ಧಿ ಇರುವ ಸಾಧನ ಕ್ಯಾಮೆರಾ ನಿಲ್ಲಿಸಿ ಲೈಟಿಗೆ ಸ್ವಲ್ಪ ಉಳಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಆರಿದರೆ ಅಥವಾ ಲೈಟೇ ಮೊದಲು ಆರಿದರೆ, ಅಂಥದ್ದನ್ನು ನಂಬಿಕೊಂಡು ಸಂಜೆ ಹೊತ್ತು ಹೊರಗೆ ಹೋಗಬಾರದು. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಲೋಡ್ ಟ್ರ್ಯಾಕ್ಟರ್‌ಗಳ ಮಧ್ಯೆ ಸೈಕಲ್ ತುಳಿದವರಿಗೆ ಗೊತ್ತು, ಹಿಂದೆ ಬರುವವನಿಗೆ ನಾವು ಕಾಣದಿದ್ದರೆ ಒಳಗಿನ ವಿಡಿಯೋ ತೆಗೆದುಕೊಂಡು ಏನು ಮಾಡೋದು? ಹೆಲ್ಮೆಟ್ ಹಿಂದೆ ಇನ್ನೊಂದು ಪುಟ್ಟ ಲೈಟ್ ಸಿಕ್ಕಿಸಿ. ಇದರಲ್ಲಿ ನಾನು ರಾಜಿ ಆಗಲ್ಲ.

## ಹಂತ 5: ಸೈಕಲ್‌ಗೆ ಕಟ್ಟುವುದು

ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕೊಳವೆ, ನೆಟ್ಟಗೆ ಇರಲ್ಲ, ಮೇಲೆ ಹೋದಂತೆ ಹಿಂದಕ್ಕೆ ವಾಲಿರುತ್ತದೆ. ಅದಕ್ಕೆ ಹಾಗೇ ಕಟ್ಟಿದರೆ ಲೈಟಿನ ಮುಖ ಕೆಳಗೆ ಬಾಗುತ್ತದೆ. ಬೆಳಕು ಟಾರ್ ಮೇಲೆ, ವಿಡಿಯೋದಲ್ಲೂ ಬರೀ ಟಾರ್. ಡಬ್ಬದಲ್ಲಿ ಓರೆಯಾದ ರಬ್ಬರ್ ತುಂಡು ಒಂದು ಬಂದಿರುತ್ತದೆ ನೋಡಿ, ಬಹಳ ಜನ ಏನಿದು ಅಂತ ಡ್ರಾಯರ್‌ಗೆ ಎಸೆಯುವುದು, ಅದು ಇದಕ್ಕೇ. ದಪ್ಪ ಭಾಗ ಕೆಳಗೆ ಬರುವ ಹಾಗೆ ಇಟ್ಟು ಕಟ್ಟಿ. ಸೈಕಲ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರೆ ಲೈಟ್ ನೆಲಕ್ಕೆ ಸಮನಾಗಿ ಹಿಂದಕ್ಕೆ ನೋಡುತ್ತಿರಬೇಕು.

ಆಮೇಲೆ ಸೀಟ್ ಮೇಲೆ ಕೂತು, ಬೇರೆ ಯಾರಿಗಾದರೂ ಹಿಂದಿನಿಂದ ಫೋಟೋ ತೆಗೆಯಲು ಹೇಳಿ. ಸೀಟಿನ ಕೆಳಗಿನ ಬ್ಯಾಗ್, ಜರ್ಕಿನ್ ಅಂಚು, ರೇನ್‌ಕೋಟ್ ಬಾಲ, ಇವು ಲೈಟಿಗೆ ಅಡ್ಡ ಬರುವುದು ನೀವು ಕೂತಾಗ ಮಾತ್ರ. ರಬ್ಬರ್ ಪಟ್ಟಿ ಬಿಸಿಲಿಗೆ ಸೀಳುತ್ತದೆ. ಒಂದು ಚಿಕ್ಕ ದಾರವನ್ನು ಲೈಟಿನಿಂದ ಸೀಟಿನ ಕಂಬಿಗೆ ಸಡಿಲವಾಗಿ ಕಟ್ಟಿಡಿ, ಪಟ್ಟಿ ಕಿತ್ತರೂ ಲೈಟ್ ನೇತಾಡುತ್ತದೆ, ಬೀಳಲ್ಲ. ದಾರದ ತುದಿ ಚಕ್ರಕ್ಕೆ ಎಟುಕದ ಹಾಗೆ ನೋಡಿಕೊಳ್ಳಿ.

## ಹಂತ 6: ಯಾವ ಮೋಡ್

ಹಗಲಲ್ಲಿ ಬ್ಲಿಂಕ್, ಬ್ಯಾಟರಿ ಉಳಿಯುತ್ತದೆ. ಕತ್ತಲಲ್ಲಿ ಗುಂಪಿನ ಜೊತೆ ಇದ್ದರೆ ಮಂದವಾಗಿ ಸ್ಥಿರವಾಗಿ ಉರಿಸಿ, ಹಿಂದಿರುವ ನಿಮ್ಮ ಸ್ನೇಹಿತ ಬೈದುಕೊಳ್ಳಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಸೈಕಲ್, ಬೈಕ್, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ, ನಾವೆಲ್ಲ ಸರ್ವಿಸ್ ರಸ್ತೆಯಲ್ಲೇ. ಅಲ್ಲಿ ಎದುರಿನಿಂದ ರಾಂಗ್ ಸೈಡ್‌ನಲ್ಲಿ ಬರುವವರು ಜಾಸ್ತಿ. ಹಿಂದಿನ ಲೈಟ್ ಒಂದೇ ಇದ್ದರೆ ಸಾಲದು, ಮುಂದೆಯೂ ಒಂದು ಉರಿಯಲಿ.

## ಹಂತ 7: ನಂಬರ್ ಓದಕ್ಕೆ ಆಗುತ್ತಾ?

ಸಂಜೆ ಏಳರ ಹೊತ್ತಿಗೆ ಲಲಿತಮಹಲ್ ರಸ್ತೆಯಂಥ ಕಡೆ ಒಬ್ಬ ಸ್ನೇಹಿತನಿಗೆ ಸ್ಕೂಟರ್‌ನಲ್ಲಿ ಹಿಂದೆ ಬಂದು ದಾಟಿ ಹೋಗಲು ಹೇಳಿ. ಮನೆಗೆ ಬಂದು ನೋಡಿ, ನಂಬರಿನ ಶುರು ಕೆಎ-09 ಇದೆಯಾ, ಕೆಎ-55 ಇದೆಯಾ, ಕೆಎ-11 ಇದೆಯಾ ಅಂತಾದರೂ ಗೊತ್ತಾಗುತ್ತಾ? ಹಗಲಲ್ಲಿ ಹತ್ತಿರ ಬಂದಾಗ ಓದಬಹುದು. ರಾತ್ರಿ ಹಿಂದಿನ ಕ್ಯಾಮೆರಾ ಕಣ್ಣಿಗೆ ಹೆಡ್‌ಲೈಟ್ ಹೊಡೆದು ಬರೀ ಬಿಳಿ ಮುದ್ದೆ ಕಾಣುತ್ತದೆ. ಮುಂದಿನ ಕ್ಯಾಮೆರಾದಲ್ಲಿ ದಾಟಿ ಹೋದ ಗಾಡಿಯ ಹಿಂದಿನ ಪ್ಲೇಟ್ ಸಿಗುವ ಸಾಧ್ಯತೆ ಹೆಚ್ಚು. ಆದರೆ ಹೈ ಸೆಕ್ಯೂರಿಟಿ ಪ್ಲೇಟ್ ಬೆಳಕನ್ನು ವಾಪಸ್ ಎಸೆಯುತ್ತದೆ, ನಿಮ್ಮ ಲೈಟ್ ಜೋರಿದ್ದರೆ ಅಕ್ಷರ ಅಳಿಸಿಹೋಗುತ್ತದೆ. ಒಂದು ಹಂತ ಕಡಿಮೆ ಮಾಡಿ ಇನ್ನೊಮ್ಮೆ ನೋಡಿ.

ಇದಕ್ಕೆಲ್ಲ ಒಂದು ಹಳ್ಳಿ ಉಪಾಯ ಇದೆ. ಗಾಡಿ ತಾಗಿದ ಕೂಡಲೇ ಅದರ ನಂಬರನ್ನು ಬಾಯಲ್ಲಿ ಜೋರಾಗಿ ಕೂಗಿ ಹೇಳಿ. ಚಿತ್ರ ಮಸುಕಾದರೂ ಮೈಕ್ ಅದನ್ನು ಹಿಡಿದಿರುತ್ತದೆ. ಅದಕ್ಕೆ ಸೆಟ್ಟಿಂಗ್‌ನಲ್ಲಿ ಧ್ವನಿ ಆನ್ ಇರಬೇಕು ಅಷ್ಟೆ. ರಸ್ತೆಯಲ್ಲಿ ಒಬ್ಬನೇ ನಂಬರ್ ಕಿರುಚಿ ಅಭ್ಯಾಸ ಮಾಡುವಾಗ ಜನ ನೋಡುತ್ತಾರೆ, ನೋಡಲಿ.

## ಹಂತ 8: ಮಳೆ, ಧೂಳು, ಬಿಸಿಲು

ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ. ಐಪಿಎಕ್ಸ್4 ಅಂದರೆ ಬರೀ ಸಿಡಿದ ನೀರು. ಎರಡೂ ಚಾರ್ಜಿಂಗ್ ಪೋರ್ಟಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದರೆ ಮಾತ್ರ. ಆ ಮುಚ್ಚಳದ ಒಳ ಅಂಚನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನನ್ನದರಲ್ಲಿ ಕೂದಲೆಳೆಯಷ್ಟು ಸಣ್ಣ ಕೆಮ್ಮಣ್ಣಿನ ಗೆರೆ ಸುತ್ತಲೂ ಕೂತಿತ್ತು, ಮುಚ್ಚಿದರೂ ಒಂದು ಮೂಲೆ ಎದ್ದೇ ಇರುತ್ತಿತ್ತು. ಟೂತ್ ಬ್ರಷ್ ಬೇಕಾಗಿದ್ದು ಇದಕ್ಕೆ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪ್ ಹಿಡಿದು ಸೈಕಲ್ ತೊಳೆಯುವವರು ಲೈಟ್ ಬಿಚ್ಚಿಟ್ಟು ತೊಳೆಯಿರಿ.

ಒದ್ದೆ ಪೋರ್ಟಿಗೆ ಕೇಬಲ್ ಚುಚ್ಚಬೇಡಿ, ಒಣಗಲು ಬಿಡಿ. ಲೆನ್ಸ್ ಮೇಲಿನ ಮಣ್ಣನ್ನು ಮೊದಲು ನೀರು ಹನಿಸಿ ತೆಗೆಯಿರಿ, ಆಮೇಲೆ ಬಟ್ಟೆ. ಒಣ ಧೂಳನ್ನು ಪಂಚೆ ತುದಿಯಲ್ಲಿ ಉಜ್ಜಿದರೆ ಗೀರು ಬಿದ್ದು ರಾತ್ರಿ ಪ್ರತಿ ದೀಪಕ್ಕೂ ಬಾಲ ಬರುತ್ತದೆ. ಮಡ್‌ಗಾರ್ಡ್ ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಂದಿನ ಕ್ಯಾಮೆರಾ ಹತ್ತು ನಿಮಿಷಕ್ಕೇ ಕುರುಡು.

ಏಪ್ರಿಲ್ ಬಿಸಿಲಲ್ಲಿ ಕಾಫಿಗೆ ನಿಲ್ಲಿಸಿದಾಗ ರೆಕಾರ್ಡಿಂಗ್ ಆಫ್ ಮಾಡಿ ನೆರಳಿಗೆ ಇಡಿ. ಗಾಳಿ ಇಲ್ಲದೆ ಕರಿ ಡಬ್ಬಿ ಕಾದು ತಾನೇ ನಿಂತುಬಿಡುತ್ತದೆ. ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದೂ ಇಲ್ಲೇ.

## ಹಂತ 9: ಏನಾದರೂ ಆದಾಗ

ಮೊದಲು ರಸ್ತೆ ಬದಿಗೆ ಬನ್ನಿ, ಪೆಟ್ಟಾಗಿದ್ದರೆ 112. ಆಮೇಲೆ ಲಾಕ್ ಬಟನ್ ಒತ್ತಿ, ಕ್ಯಾಮೆರಾ ಆಫ್ ಮಾಡಿ. ಆನ್ ಇದ್ದಷ್ಟು ಹೊತ್ತೂ ಅದು ಹಳೆಯದರ ಮೇಲೆ ಬರೆಯುತ್ತಲೇ ಇರುತ್ತದೆ. ವಾಪಸ್ ತುಳಿಯಬೇಕಾದರೆ ಹೆಲ್ಮೆಟ್ಟಿನ ಪುಟ್ಟ ಲೈಟ್ ಇದೆಯಲ್ಲ, ಅದನ್ನು ಹಾಕಿಕೊಳ್ಳಿ.

ಮನೆಯಲ್ಲಿ ಕಾರ್ಡಿನಿಂದ ಫೈಲನ್ನು ಹಾಗೇ ನಕಲು ಮಾಡಿ. ಕತ್ತರಿಸಬೇಡಿ, ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದ್ದನ್ನು ಅಸಲಿ ಅಂತ ಇಟ್ಟುಕೊಳ್ಳಬೇಡಿ, ಅದು ಕುಗ್ಗಿಸಿರುತ್ತದೆ. ಮೂಲ ಕಾರ್ಡ್ ಒಂದು ಕವರ್‌ಗೆ ಹಾಕಿ ತಾರೀಕು ಬರೆದು ಪಕ್ಕಕ್ಕಿಡಿ, ಸೈಕಲ್‌ಗೆ ಬೇರೆ ಕಾರ್ಡ್ ಹಾಕಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ವಿಡಿಯೋ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲಿನಿಂದಲೇ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಗುರುತು, ಬರೆಯುವ ಜಾಗ ಇದೆ. ಫೈಲಿನಲ್ಲಿ ಒಂದು ಚೂರು ಬದಲಾದರೂ ಹ್ಯಾಶ್ ಬದಲಾಗುತ್ತದೆ. ಕತ್ತರಿ ಹಾಕಬೇಡಿ ಅಂದದ್ದು ಅದಕ್ಕೇ.

## ಈ ಲಕ್ಷಣ ಕಂಡರೆ ಅಲ್ಲಿಗೇ ನಿಲ್ಲಿಸಿ

ಲೈಟಿನ ಮೈ ಉಬ್ಬಿದ್ದರೆ, ಜೋಡಣೆಯ ಗೆರೆ ಬಿಟ್ಟುಕೊಂಡಿದ್ದರೆ, ಚಾರ್ಜ್ ಮಾಡುವಾಗ ಕೈ ಇಡಲಾಗದಷ್ಟು ಬಿಸಿಯಾದರೆ ಅದು ಲಿಥಿಯಂ ಬ್ಯಾಟರಿ ಕೆಟ್ಟ ಲಕ್ಷಣ. ಕೇಬಲ್ ಕೀಳಿ, ಮತ್ತೆ ಚಾರ್ಜ್ ಮಾಡಬೇಡಿ, ಒತ್ತಿ ಮುಚ್ಚಲು ನೋಡಬೇಡಿ, ಕಸದ ಬುಟ್ಟಿಗೂ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಲೆನ್ಸ್ ಒಳಗೆ ಮಂಜು ಕಟ್ಟಿ ಎರಡು ದಿನವಾದರೂ ಹೋಗದಿದ್ದರೆ ನೀರು ಒಳಗೆ ಹೋಗಿದೆ. ಗೋಡೆ ಗಡಿಯಾರದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿ ಹಳೆ ಚೀಟಿಯ ಜೊತೆ ಹೋಲಿಸಿ. ಹೊಸದರಲ್ಲಿ ಬಂದಿದ್ದರ ಅರ್ಧಕ್ಕೆ ಇಳಿದಿದ್ದರೆ ಅದನ್ನು ಬರೀ ಲೈಟಾಗಿ ಬಳಸಿ, ಕ್ಯಾಮೆರಾ ಆಫ್ ಮಾಡಿಬಿಡಿ. ನಾನು ಈಗ ಮಾಡಿರುವುದು ಅದೇ. ಹಿಂದೆ ಬರೀ ಲೈಟ್ ಮಿನುಗುತ್ತದೆ, ಕ್ಯಾಮೆರಾ ಬೇರೆ ತೆಗೆದುಕೊಂಡು ಹ್ಯಾಂಡಲ್‌ಗೆ ಕಟ್ಟಿದ್ದೇನೆ, ಆ ಚೀಟಿ ಈಗಲೂ ಚಾರ್ಜರ್ ಪಕ್ಕದ ಗೋಡೆಗೆ ಅಂಟಿದೆ.